ಗೇಣುದ್ದ ಊದುಗೊಳವಿ

ನಿನ್ನೆ ಮುಂಜಾನಿ ಮೊಮ್ಮಗ ಕಾರಿನ ಇಂಜಿನ್ನಿಗೆ ಹಸಿರು ನೀರು ಹಾಕಾಕತ್ತಿದ್ದ. ಒಂದೀಟು ಅಂಗಳಕ್ಕ ಚೆಲ್ತು. ಎಂಥಾ ಸಿಹಿ ವಾಸನಿ! ನಾ ಕಸಬರಿಗಿ ಹಿಡಕೊಂಡು ಅಲ್ಲೇ ನಿಂತುಬಿಟ್ಟೆ... ಒಂದು ಕಾಲಕ್ಕ ಆ ನೀರನ್ನ ನೆಕ್ಕಾಕ ಹೋಗಿ ಬೈಸ್ಕೊಂಡಾಕಿ ನಾನು.

ಆವಾಗ ನಾವು ರಾಯಚೂರ ಹತ್ರ ಮಾನ್ವ್ಯಾಗ ಇದ್ವಿ. ನಮ್ಮ ಮನಿಯವರು ಒಂದು ಹಳೇ ವ್ಯಾನ್ ತಂದಿದ್ರು. ಎಲ್ಲೋ ಚಳಿ ಸೀಮ್ಯಾಗ ಓಡಿದ ಗಾಡಿ. ಹಿಂದಿನ ಸೀಟಿನ ಬುಡಕ ಇಂಜಿನ್ನಿನ ಬಿಸಿ ನೀರು ಹರಿಯೋ ಒಂದು ಹೀಟರ್, ಕುಂತೋರ ಕಾಲು ಬೆಚ್ಚಗ ಇಡಾಕಂತ. ನಮ್ಮ ಬಿಸಲಾಗ! ಬಂದೋರಿಗೆಲ್ಲ ಅದನ್ನ ತೋರಿಸಿ ನಗಸ್ತಿದ್ದೆ.

ದೊಡ್ಡ ಮಗಳಿಗೆ ರಾಯಚೂರಾಗ ಟೀಚರ್ ಪರೀಕ್ಷಿ ಇತ್ತು. ವಯಸ್ಸಿನ ಲೆಕ್ಕದಾಗ ಅದೇ ಅಕಿಗೆ ಕಡೀ ಸಲ. ಹತ್ತಕ್ಕ ಗೇಟ್ ಹಾಕ್ತಿದ್ರು. ಅವತ್ತ ಬಸ್ಸು ಬಂದ್. ನಸುಕಿಲೇ ಮನಿಯವರು ವ್ಯಾನ್ ತಗದ್ರು, ಮೂವರೂ ಹೊಂಟ್ವಿ. ಊರು ದಾಟೂದರಾಗ ಸಿಹಿ ವಾಸನಿ ಬಂತು, ಕಾಲಿನ ಬುಡಕ ಅಂಟಂಟು. ಮಗಳು ಕಟ್ಟಿದ್ದ ಬೆಲ್ಲದ ಹುಗ್ಗಿ ಡಬ್ಬಿ ಸೋರ್ಯಾದ ಅನ್ಕೊಂಡೆ.

"ಡಬ್ಬಿ ಮುಚ್ಚಳ ಹಾಕಾಕ ಬರಂಗಿಲ್ಲ, ಮಾಸ್ತರ್ಕಿ ಮಾಡ್ತಾಳಂತ!" ಅಂತ ಮಗಳಿಗೆ ಬೈದೆ.

ಅಷ್ಟರಾಗ ಇಂಜಿನ್ ಮ್ಯಾಲೆ ಹೊಗಿ ಎದ್ದು ಗಾಡಿ ನಿಂತ್ತು. ದೇವರ ದಯೆ, ನಿಂತದ್ದು ಊರಿನ ಗಾಡಿ ಎಲ್ಲ ರಿಪೇರಿ ಮಾಡ್ತಿದ್ದ ಮಿಸ್ತ್ರಿ ಚಾಚಾನ ತಗಡಿನ ಶೆಡ್ ಮುಂದ. ನಾ ಇಳದು, ಬೆರಳಿಗೆ ಹತ್ತಿದ್ದನ್ನ ಬಾಯಿಗೆ ಒಯ್ಯೂದಕ್ಕ ಚಾಚಾ ಕೈ ಮ್ಯಾಲೆ ಫಟ್ ಅಂತ ಹೊಡದ್ರು.

"ಯವ್ವಾ, ಹುಗ್ಗಿ ಅಲ್ಲದು! ಇಂಜಿನ್ ನೀರು, ವಿಷ ಅದ! ಹಿಂದಿನ ಹೀಟರ್ ಒಡದದ."

ಸೀಟ್ ಕಿತ್ತು ಹೀಟರ್ ರಿಪೇರಿ ಮಾಡಿದ್ರ ಸಂಜಿ ಆಗ್ತದ ಅಂದ್ರು. ಮಗಳು ಗಡಿಯಾರ ನೋಡಿ ನೋಡಿ ಅಳಾಕ ಹತ್ತಿದ್ಲು.

"ರಾಯಚೂರಾಗ ಹೀಟರ್ ಯಾಕ ಬೇಕು ಬೇಟಿ? ಹಿಂದಕ ಹೋಗೋ ನೀರನ್ನ ಇಲ್ಲಿಂದ್ಲೇ ಹೊಳ್ಳಿ ಇಂಜಿನ್ನಿಗೆ ಕಳಸ್ತೀನಿ, ತಡಿ."

ಇಂಜಿನ್ ತಣ್ಣಗಾಗೋತನ ಚಾಚಾ ಯಾರಿಗೂ ಅದರ ನೀರಿನ ಮುಚ್ಚಳ ಮುಟ್ಟಗೊಡಲಿಲ್ಲ. ಆಮ್ಯಾಲೆ ಗಾಡಿ ಬುಡಕ ಹೊಕ್ಕರು. ಹೀಟರಿಗೆ ನೀರು ಒಯ್ಯೋ ರಬ್ಬರ್ ಪೈಪು ಒಂದು, ವಾಪಸ್ ತರೋದು ಒಂದು. ಎರಡನ್ನೂ ಕೊಯ್ದ್ರು. ಇಂಜಿನ್ ಕಡಿ ಉಳದ ಎರಡು ಬಾಯಿ ಬಗ್ಗಿಸಿ ಒಂದಕ್ಕೊಂದು ಕೂಡಸಾಕ ನಡುವ ಒಂದು ಗಟ್ಟಿ ಕೊಳವಿ ಬೇಕು. ಶೆಡ್ಡೆಲ್ಲ ಹುಡುಕಿದ್ರೂ ಆ ಅಳತಿದು ಸಿಗಲಿಲ್ಲ.

ಚಾಚಾ ರಬ್ಬರಿನ ಬಾಯಾಗ ಹೆಬ್ಬೆಟ್ಟು ಇಟ್ಟು ಕಣ್ಣು ಮುಚ್ಚಿದ್ರು. ಥಟ್ಟನ ಎದ್ದು ಶೆಡ್ ಹಿಂದ ಹೋದ್ರು. ಅಲ್ಲಿ ಅವರ ಹೆಂಡತಿ, ಚಾಚಿ, ಒಲಿ ಊದಾಕತ್ತಿದ್ರು. ಅವರ ಕೈಯಾಗಿನ ಊದುಗೊಳವಿ ಕಸಗೊಂಡೇ ಬಂದ್ರು!

"ಹಾಯ್ ಅಲ್ಲಾ, ಇನ್ನಾ ಅರ್ಧಕ್ಕರ್ಧ ರೊಟ್ಟಿ ಸುಡೂದು ಅದರೀ!" ಅಂತ ಹಿಂದಿಂದ ಚಾಚಿ.

"ಇವತ್ತ ಬಾಯಿಲೆ ಊದು. ನನಗ ಬೈಯಾಕ ಉಸಿರು ಉಳಸ್ಕೋಬ್ಯಾಡ."

ಗೇಣುದ್ದ ಕೊಯ್ದು ತೂರಿಸಿದ್ರು. ಮಾಡಿಸಿದಂಗ ಕುಂತ್ತು! ದಿನಾ ಕಣ್ಣಿಲೆ ನೋಡಿದ್ದ ಒಲಿ ಕೊಳವಿಯನ್ನ ಆ ಹೆಬ್ಬೆಟ್ಟು ಅಳದಿಟ್ಟಿತ್ತಲ್ಲ... ಕ್ಲಿಪ್ ಬಿಗದು, ನೀರು ತುಂಬಿ, ಗಾಡಿ ಚಾಲೂ ಮಾಡಿಸಿ, ಎರಡೂ ಪೈಪಿನ ಮ್ಯಾಲೆ ಅಂಗೈ ಇಟ್ಟು ಕುಂತ್ರು, ಕೂಸಿನ ಜ್ವರ ನೋಡಿದಂಗ. ಒಂದ ಹನಿ ಸೋರಲಿಲ್ಲ.

ನಾವು ಮುಟ್ಟಿದಾಗ ಗೇಟ್ ಅರ್ಧ ಸರದಿತ್ತು. ಮಗಳು ಚಪ್ಪಲಿ ಕೈಯಾಗ ಹಿಡದು ಓಡಿ ನುಗ್ಗಿದ್ಲು. ಅಕಿ ಇವತ್ತಿಗೂ ದೇವದುರ್ಗದ ಸಾಲ್ಯಾಗ ಟೀಚರು.

ಚಾಚಿಗೆ ಹೊಸ ಊದುಗೊಳವಿ ಕೊಡಸ್ತೀನಿ ಅಂದಿದ್ದೆ. ಇವತ್ತು, ನಾಳಿ... ವ್ಯಾನ್ ಗುಜರಿಗೆ ಹೋಗೂ ದಿನ ನೆನಪಾಯ್ತು ನೋಡ್ರಿ! ಆ ತುಂಡು ಬಿಚ್ಚಿಸ್ಕೊಂಡು, ತಿಕ್ಕಿ ತೊಳದು, ಹೊಸದೊಂದು ತಗೊಂಡು ಹೋದೆ. ಶೆಡ್ಡಿಗೆ ಬೀಗ. ಚಾಚಾ ತೀರಿಹೋಗಿ ಆರು ತಿಂಗಳಾಗಿತ್ತು. ಹಿಂದ ಅವರ ಮನ್ಯಾಗ ಗ್ಯಾಸ್ ಒಲಿ ಬಂದಿತ್ತು. ಚಾಚಿ ಹೊಸದನ್ನ ಬಾಜೂಕ ಇಟ್ರು. ಹಳೇ ತುಂಡನ್ನ ಸೆರಗಿಲೆ ಒರಸಿ, ಬಾಯಿಗಿಟ್ಟು, ಒಲಿ ಇಲ್ಲದ ಕಡೆ ಒಂದ್ಸಲ ಊದಿದ್ರು...

ನಿನ್ನೆ ಮೊಮ್ಮಗ, "ಏನವ್ವಾ, ಹಂಗ್ಯಾಕ ನಿಂತಿ?" ಅಂದ. ಬಗ್ಗಿ ಆ ಹಸಿರು ನೀರಿಗೆ ಬೆರಳು ಹಚ್ಚಿದೆ, ವಾಸನಿ ನೋಡಿದೆ. ಬಾಯಿತನಕ ಒಯ್ಯಲಿಲ್ಲ. ಕೈ ಮ್ಯಾಲೆ ಹೊಡಿಯಾಕ ಚಾಚಾ ಇಲ್ಲಲ್ಲ.