ಸುರುಳಿ ಕೇಕಿಗೆ ಬಟ್ಟೆ ಹಿಡಿದವರು

ಆ ವರ್ಷಗಳಲ್ಲಿ ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಶನಿವಾರ ಶಾಲೆ ಅರ್ಧ ದಿನ. ಗಂಟೆ ಬಾರಿಸಿದ ಮೇಲೆ ಬಾಡಿಗೆ ಕೋಣೆಗೂ ಹೋಗದೆ ಚೀಲ ಹಿಡಿದುಕೊಂಡು ನೇರವಾಗಿ ಯಲ್ಲಾಪುರದ ಬಸ್ಸು ಹತ್ತುತ್ತಿದ್ದೆ. ಮನೆ ಮುಟ್ಟುವಷ್ಟರಲ್ಲಿ ಕೂದಲ ತುಂಬ ಕೆಂಪು ಧೂಳು ಕೂತಿರುತ್ತಿತ್ತು. ಅದನ್ನು ಕೊಡವಿ, ಸೀರೆ ಬದಲಿಸಿ, ಒಲೆಯ ಮುಂದೆ ಕೂರುತ್ತಿದ್ದೆ. ಭಾನುವಾರವೆಲ್ಲ ಒಗೆಯುವುದು, ಒಪ್ಪ ಮಾಡುವುದು, ವಾರಕ್ಕೆ ಸಾಲುವಷ್ಟು ಖಾರ ಕುಟ್ಟಿಡುವುದು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮತ್ತೆ ಶಿರಸಿ. ಅವ್ವ ತೀರಿಕೊಂಡ ಮೇಲೆ ಯಾರೂ ಹೇಳದೆ ಇದು ಶುರುವಾಗಿತ್ತು. ಯಾರೂ ಹೇಳದ ಕೆಲಸವನ್ನು ಬಿಡುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ.

ಅಪ್ಪ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರು. ನಾವು ಮೂಲತಃ ಧಾರವಾಡದ ಕಡೆಯವರು. ಮುಂಬಯಿ ಸರಕಾರದ ಕಾಲದಲ್ಲಿ ವರ್ಗವಾಗಿ ಯಲ್ಲಾಪುರಕ್ಕೆ ಬಂದ ಅಪ್ಪ, ನಾವೆಲ್ಲ ಮೈಸೂರು ರಾಜ್ಯದವರಾದ ಮೇಲೂ ಅಲ್ಲೇ ಉಳಿದರು. ಅಣ್ಣ ಲಾರಿಗಳ ವ್ಯವಹಾರದಲ್ಲಿದ್ದ. ತಿಂಗಳಲ್ಲಿ ಹೆಚ್ಚು ದಿನ ಊರ ಹೊರಗೆ. ಆ ಬೇಸಿಗೆಯಲ್ಲಿ ಅವನ ಮದುವೆಯಾಯಿತು, ಮನೆಗೆ ವೈನಿ ಬಂದಳು. ಇನ್ನು ನನ್ನ ಶನಿವಾರಗಳು ನನ್ನವೇ ಎಂದು ಮದುವೆಯ ಊಟ ಬಡಿಸುವಾಗಲೇ ಅಂದುಕೊಂಡಿದ್ದೆ.

ಹಾಗೇನೂ ಆಗಲಿಲ್ಲ. ವೈನಿ ಅಡಿಗೆಯಲ್ಲಿ ನನಗಿಂತ ಚುರುಕು. ಆದರೆ ಅಪ್ಪ ಅಂಗಿಯ ಗುಂಡಿ ಬಿದ್ದರೆ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಶನಿವಾರದವರೆಗೆ ಕಾಯುತ್ತಿದ್ದರು. ವೈನಿ ಉಪ್ಪಿನ ಭರಣಿಯನ್ನು ಒಲೆಯ ಬಲಕ್ಕೆ ಇಟ್ಟರೆ ಅವರು ಏನೂ ಅನ್ನದೆ ಅವ್ವ ಇಡುತ್ತಿದ್ದ ಎಡಗಡೆಗೆ ಸರಿಸಿಡುತ್ತಿದ್ದರು. ಸಿಟ್ಟಿನಿಂದಲ್ಲ. ನಾನು ವಾರವಾರ ಬರುತ್ತಿರುವವರೆಗೆ ಮನೆ ಮೊದಲಿನಂತೆಯೇ ಇದೆ ಎಂದು ಅವರು ನಂಬಿದಂತಿತ್ತು. ಇನ್ನೊಂದು ತೊಡಕು, ಅವರಿಬ್ಬರ ನಡುವೆ ಮಾತಿರಲಿಲ್ಲ. ನಾವು ಕ್ರೈಸ್ತರಾದರೂ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲೂ ಇರಲಿಲ್ಲ. ವೈನಿ ತಲೆಯ ಮೇಲೆ ಸೆರಗು ಹೊದ್ದು, ಗೋಡೆಗೋ ನನಗೋ ಹೇಳುವಳು. ಅಪ್ಪ ನನ್ನನ್ನು ನೋಡಿ ಉತ್ತರ ಕೊಡುವರು. ಆ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಸುದ್ದಿ ನನ್ನ ಮೂಲಕವೇ ಹೋಗಬೇಕಾಗಿತ್ತು.

ಡಿಸೆಂಬರ್ ಬಂತು. ನಮ್ಮ ಮನೆಯಲ್ಲಿ ಕ್ರಿಸ್ಮಸ್ ಎಂದರೆ ಸುರುಳಿ ಕೇಕು. ಅವ್ವ ಮದುವೆಗೆ ಮೊದಲು ಧಾರವಾಡದಲ್ಲಿ ಒಬ್ಬ ಬಿಳಿಯ ಅಮ್ಮಾವರ ಮನೆಯಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದಾಗ ಇದನ್ನೂ ಕಲಿತಿದ್ದಳು. ಅಲ್ಲಿ ಕಿತ್ತಳೆ ಹಾಕುತ್ತಿದ್ದರಂತೆ. ಯಲ್ಲಾಪುರಕ್ಕೆ ಬಂದ ಮೇಲೆ ಅವ್ವ ಕಂಚಿಕಾಯಿ ಹಿಡಿದಳು. ಅದರ ಸಿಪ್ಪೆಯ ಮೇಲ್ಪದರವನ್ನು ಮಾತ್ರ ಹಗುರವಾಗಿ ತುರಿಯಬೇಕು. ಒಳಗಿನ ಬಿಳಿ ಸೇರಿದರೆ ಕಹಿ. ರಸಕ್ಕೆ ಸಕ್ಕರೆ, ಬೆಣ್ಣೆ ಹಾಕಿ ಮಂದವಾಗುವ ತನಕ ಕಾಸಬೇಕು. ಮೊಟ್ಟೆ ಸಕ್ಕರೆ ನೊರೆಯೇಳುವಂತೆ ಕಡೆದು, ಮೈದಾ ಬೆರೆಸಿ, ಸೀಮೆಎಣ್ಣೆ ಡಬ್ಬಿಯನ್ನು ಕತ್ತರಿಸಿ ಮಾಡಿಸಿದ ತಗಡಿನ ತಟ್ಟೆಗೆ ತೆಳ್ಳಗೆ ಸುರಿದು, ಮರಳು ಹಾಕಿದ ದೊಡ್ಡ ಪಾತ್ರೆಯೊಳಗೆ ಇಡಬೇಕು. ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಇಷ್ಟನ್ನು ಯಾರಾದರೂ ಮಾಡಬಹುದು. ಕಷ್ಟವಿರುವುದು ಆಮೇಲೆ. ಬೆಂದ ಹಾಳೆಯನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಬೋರಲು ಹಾಕಿ, ರಸ ಸವರಿ, ಬಿಸಿ ಆರುವ ಮೊದಲೇ ಸುತ್ತಬೇಕು. ಒಬ್ಬರು ಬಟ್ಟೆಯ ಒಂದು ತುದಿಯನ್ನು ಎತ್ತುತ್ತ ಬರಬೇಕು. ಎದುರಿಗಿರುವವರು ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಸುರುಳಿಯನ್ನು ತಮ್ಮ ಕಡೆಗೆ ಬರಮಾಡಿಕೊಳ್ಳಬೇಕು. ತಡವಾದರೆ ಬಿರಿಯುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಅವ್ವ ಇದ್ದಾಗ ಬಟ್ಟೆ ಎತ್ತುತ್ತಿದ್ದವರು ಅಪ್ಪ. ಅವಳು ಹೋದ ಮೇಲೂ ಅವರೇ ಎತ್ತಿದರು, ಎದುರಿಗೆ ನಾನಿದ್ದೆ.

ಹಬ್ಬಕ್ಕೆ ಮುಂಚಿನ ಶನಿವಾರ ನಾನು ಮನೆ ಮುಟ್ಟಿದಾಗ ಹಿಂದಿನ ಓಣಿಯ ಅಜ್ಜಿ ಕಂಚಿಕಾಯಿ ತಂದು ಕಟ್ಟೆಯ ಮೇಲೆ ಕೂತಿದ್ದರು. ಹವ್ಯಕರ ಮನೆಯವರು. ಪ್ರತಿ ವರ್ಷ ತಮ್ಮ ತೋಟದ ಹಣ್ಣನ್ನು ತಾವೇ ತಂದು ಕೊಡುವರು, ಒಳಗೆ ಮಾತ್ರ ಬರುತ್ತಿರಲಿಲ್ಲ.

“ಎಂತ ಕೂಸೇ, ಈ ಸರ್ತಿನೂ ನೀನೇ ಬಂದ್ಯಾ? ಮನೆಗೆ ಸೊಸೆ ಬಂತಲೇ. ಅದು ಎಂತ ಮಾಡ್ತು?”

“ಎಲ್ಲಾ ಮಾಡ್ತಾಳೆ ಅಜ್ಜಿ.”

“ಮತ್ತೆ ನಿಂಗೆಂತಕ್ಕೆ ಈ ಓಡಾಟ? ಮುಖ ನೋಡು, ಬಾಡಿದ ಬಸಳೆ ಸೊಪ್ಪಿನಾಂಗೆ ಆಯ್ದು.” ಹಣ್ಣನ್ನು ನನ್ನ ಮಡಿಲಿಗೆ ಸುರಿದು ಎದ್ದರು. “ಹಣ್ಣು ಕೊಟ್ಟಿದ್ದೆ. ಅದ್ರೊಳಗೆ ಎಂತ ಬೀಳ್ತು ಹೇಳಿ ಆನು ಕೇಳ್ತ್ನಿಲ್ಲೆ.” ಮೊಟ್ಟೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು.

ಒಳಗೆ ಬಂದು ಹಣ್ಣನ್ನು ಬುಟ್ಟಿಗೆ ಹಾಕಿದೆ. ಮಡಿಲೆಲ್ಲ ಕಂಚಿಯ ವಾಸನೆ. ಯಾವ ವರ್ಷವಾದರೂ ಆ ವಾಸನೆಗೆ ಮನಸ್ಸು ಸ್ವಲ್ಪ ಏಳುತ್ತಿತ್ತು. ಆ ಸಂಜೆ, ನಾಳೆ ಇದನ್ನೆಲ್ಲ ತುರಿಯಬೇಕಲ್ಲ ಎಂದಷ್ಟೇ ಅನಿಸಿತು. ಪಾತ್ರೆ ತೊಳೆಯುತ್ತಿದ್ದ ವೈನಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹೇಳಿದೆ.

“ವೈನಿ, ಈ ಸಲ ಸುರುಳಿ ನೀವು ಮಾಡ್ರಿ.”

“ನಾನ? ಮಾವಾರು ಬಾಯಾಗ ಇಡೂದಿಲ್ಲ.”

“ಇಡತಾರ.”

ವೈನಿ ನಕ್ಕಳು. ನಾನು ಕಲಿಸುವವಳೆಂದು ಅವಳು ನನ್ನನ್ನು ಶಾಲೆಯ ಮಕ್ಕಳಂತೆ ‘ಅಕ್ಕಾರ’ ಎಂದೇ ಕರೆಯುತ್ತಿದ್ದಳು. “ಭಾಳ ಶಾಣ್ಯಾರ ಬಿಡ್ರಿ ಅಕ್ಕಾರ. ಕೆಟ್ರ ನನ್ನ ಹೆಸರು, ಚಲೋ ಆದ್ರ ನಿಮ್ಮ ಪಾಠ.”

“ನಾ ಒಳಗ ಬರೂದ ಇಲ್ಲ. ಹ್ಯಾಂಗ ಮಾಡೂದು ಅಂತ ಈಗ ಹೇಳಿಬಿಡ್ತೀನಿ. ಅರವಿ ಹಿಡಿಯಾಕ ಅಪ್ಪನ್ನ ಕಳಸ್ತೀನಿ.”

ಅವಳ ಕೈ ನಿಂತಿತು. “ಮಾವಾರನ್ನ? ನನ್ನ ಎದುರಿಗೆ?”

“ಹೂಂ.”

ಮತ್ತೆ ತಪ್ಪಲೆ ತಿಕ್ಕತೊಡಗಿದಳು. ಆಮೇಲೆ ತಲೆಯೆತ್ತದೆ ಅಂದಳು: “ಖರೇ ಹೇಳ್ಲೇನ್ರಿ? ನೀವು ಬಂದ ದಿನಾ ನಾ ಈ ಮನ್ಯಾಗ ಬೀಗತಿ ಹಂಗ ಹೊರಗಿನಾಕಿ ಆಗಿಬಿಡ್ತೀನಿ. ಶನಿವಾರ ಬಂತಂದ್ರ ಎದಿ ಝಲ್ ಅಂತೈತಿ.”

“ನನಗೂ ಹಂಗ ಆಗತೈತ್ರಿ,” ಅಂದೆ. ಆಮೇಲೆ ಮಾಡುವ ಕ್ರಮವನ್ನೆಲ್ಲ ಹೇಳಿಕೊಟ್ಟೆ. ಬಿಸಿ ಇರುವಾಗಲೇ ಸುತ್ತಬೇಕೆಂಬುದನ್ನು ಮಾತ್ರ ಅವಳಿಗೆ ಎರಡು ಸಲ ಹೇಳಿದೆ.

ಮರುದಿನ ಪ್ರಾರ್ಥನೆ ಮುಗಿಸಿ ಬಂದ ಮೇಲೆ ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ನಡುಮನೆಯಲ್ಲಿ ಕೂತೆ. ಒಳಗಿನಿಂದ ಮೊಟ್ಟೆ ಕಡೆಯುವ ಸದ್ದು ಬರುತ್ತಿತ್ತು. ಅಪ್ಪ ಪಡಸಾಲೆಯಿಂದ ಎದ್ದು ಬಂದು ನಿಂತರು.

“ನೀ ಇಲ್ಲಿ ಯಾಕ ಕುಂತಿ?”

“ಪೇಪರ್ ಅದಾವಪ್ಪಾ.”

“ಮತ್ತ ಸುರುಳಿ?”

“ವೈನಿ ಮಾಡಾಕತ್ತಾರ. ಅರವಿ ಎತ್ತಾಕ ನೀವು ಹೋಗ್ರಿ.”

ಅಪ್ಪ ನನ್ನನ್ನೂ ಅಡಿಗೆಮನೆಯ ಬಾಗಿಲನ್ನೂ ನೋಡಿದರು. ಏನಾದರೂ ಅನ್ನುವರೆಂದು ನಾನು ಕೆಂಪು ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಹೋಗಿ ಹೊಸ್ತಿಲ ಬಳಿ ನಿಂತರು. ಪಾತ್ರೆಯ ಮೇಲಿನ ಕೆಂಡ ಸರಿಸುವ ಇಕ್ಕಳದ ಸದ್ದು ಕೇಳಿತು. ಮುಚ್ಚಳ ತೆಗೆದಾಗ ಕಂಚಿಯ ಘಮ ನಡುಮನೆಯವರೆಗೂ ಬಂತು. ನಾನು ಕೂತಲ್ಲಿಂದ ಅಪ್ಪನ ಬೆನ್ನು ಕಾಣುತ್ತಿತ್ತು, ಎದುರಿಗೆ ಕಣ್ಣು ಮರೆಯಾಗುವಂತೆ ಸೆರಗು ಎಳೆದುಕೊಂಡ ವೈನಿಯ ಗದ್ದ ಕಾಣುತ್ತಿತ್ತು. ಹಾಳೆ ಬಟ್ಟೆಯ ಮೇಲೆ ಬಿತ್ತು. ಅವಳು ರಸ ಸವರಿದಳು. ಅಪ್ಪ ಬಗ್ಗಿ ತಮ್ಮ ಕಡೆಯ ತುದಿಗಳನ್ನು ಹಿಡಿದರು.

ಆಮೇಲೆ ಯಾರೂ ಅಲುಗಲಿಲ್ಲ. ಅವರು ಎತ್ತಲಿ ಎಂದು ಅವಳು ಕಾದಳು, ಅವಳು ಹೇಳಲಿ ಎಂದು ಅವರು ಕಾದರು.

“ಅಕ್ಕಾರ,” ಎಂದಳು ವೈನಿ, ಗೋಡೆಯ ಕಡೆ ತಿರುಗಿ. “ಎತ್ತಬೇಕಂತ ಹೇಳ್ರಿ.”

“ಈಗ ಎತ್ಲೋ, ಇನ್ನೊಂದೀಟು ತಡೀಲೋ? ಕೇಳು ಅಕೀನ,” ಎಂದರು ಅಪ್ಪ, ಬೆನ್ನು ತಿರುಗಿಸದೆ.

ಇಬ್ಬರೂ ನನ್ನನ್ನೇ ಕಾಯುತ್ತಿದ್ದರು. ಅವರ ನಡುವೆ ಎರಡೂವರೆ ಮೊಳ ಬಟ್ಟೆಯೂ ಇರಲಿಲ್ಲ. ಎದ್ದು ಹೋಗುವುದು ನನಗೆ ಸುಲಭವಿತ್ತು. ಹೋದರೆ ಮುಂದಿನ ಶನಿವಾರವೂ ಹೋಗಬೇಕಾಗುತ್ತಿತ್ತು. ನಾನು ಉತ್ತರ ಕೊಡಲಿಲ್ಲ. ಹಾಳೆಯ ಮೇಲಿಂದ ಏಳುತ್ತಿದ್ದ ಹಬೆ ಸಣ್ಣಗಾಗಿ ನಿಂತುಹೋಯಿತು. ಕೊನೆಗೆ ಅಪ್ಪ ತಾವೇ ಎತ್ತಿದರು. ಮೊದಲ ಮಡಿಕೆಗೇ ಹಾಳೆ ಅಡ್ಡಕ್ಕೆ ಬಿರಿದು ಮೂರು ತುಂಡಾಯಿತು.

“ನಿನ್ನ ಕೇಳಾಕತ್ತೇವಲಾ!” ಅಪ್ಪ ತಿರುಗಿ ನನ್ನನ್ನು ನೋಡಿದರು.

“ನನಗ ಕೆಲಸ ಐತಪ್ಪಾ,” ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. “ನಾ ಇಲ್ಲ ಅಂತ ತಿಳೀರಿ. ನೀವು ನೀವ ಮಾತಾಡ್ಕೋರಿ.”

ಆ ಮನೆಯಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅಪ್ಪನ ಮುಖ ಸಣ್ಣದಾಯಿತು. ವೈನಿ ತುಂಡುಗಳನ್ನು ತಟ್ಟೆಗೆ ಎತ್ತಿಡುತ್ತಿದ್ದಳು. ಅತ್ತಳೋ ಇಲ್ಲವೋ, ಸೆರಗಿನ ಒಳಗೆ ಕಾಣಲಿಲ್ಲ. ಉಳಿದ ಹಿಟ್ಟನ್ನು ತಟ್ಟೆಗೆ ಸುರಿದು, ಮತ್ತೆ ಪಾತ್ರೆಗೆ ಇಳಿಸಿ, ಮೇಲೆ ಕೆಂಡ ಹರಡಿದಳು. ಅಪ್ಪ ಹೊರಗೆ ಹೊರಟುಬಿಡುವರೆಂದು ನನಗೆ ಭಯವಾಯಿತು. ಅವರು ಹೋಗಲಿಲ್ಲ. ಅದು ಬೇಯುವ ತನಕ ಹೊಸ್ತಿಲಿಗೆ ಒರಗಿ ನಿಂತೇ ಇದ್ದರು. ನಾನು ಒಂದೇ ಉತ್ತರವನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಮುಚ್ಚಳ ತೆರೆದ ಸದ್ದಾಯಿತು. ತಗಡು ಬೋರಲಾದ ಸದ್ದು. ರಸ ಸವರುವ ಚಮಚದ ಸದ್ದು.

“ಎತ್ರಿ ಮಾವಾರ!”

ನಾನು ತಲೆಯೆತ್ತಿದೆ.

“ಎತ್ರಿ, ಎತ್ರಿ! ಮುಂದ ಬರ್ರಿ! ಅಯ್ಯ, ಅಲ್ಲೇ ಯಾಕ ನಿಂತ್ರಿ, ಸುಡೂದು ನನ್ನ ಕೈ, ನಿಮ್ಮದಲ್ಲ! ಎಡಗಡೆ ಸೊಟ್ಟ ಹೊಂಟೈತಿ, ಎಡಗಡೆ ಎತ್ರಿ!”

“ಎತ್ತಾಕತ್ತೀನಲ್ಲವಾ!”

“ಬಿಗಿ ಹಿಡೀರಿ! ಬಿಡಬ್ಯಾಡ್ರಿ! ಹಾಂ, ಬಂತು, ಬಂತು, ಬಂತು!”

ಅವಳ ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ಎರಡೂ ಕೈಯಲ್ಲಿ ಸುರುಳಿ ಇದ್ದುದರಿಂದ ಎಳೆದುಕೊಳ್ಳುವಂತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಸುರುಳಿ ಮಣೆಯ ಮೇಲೆ ಅವರಿಬ್ಬರ ನಡುವೆ ಹಬೆಯಾಡುತ್ತಿತ್ತು. ಆಗ ಅವಳಿಗೆ ತಾನು ಯಾರ ಮೇಲೆ ಕೂಗಿದ್ದು ಎಂದು ತಿಳಿದಿರಬೇಕು. ನಾಲಿಗೆ ಕಚ್ಚಿಕೊಂಡು ನಿಂತಳು. ಅಪ್ಪ ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದರು.

“ನಿಮ್ಮತ್ತಿ ಇದಕಿಂತ ಜೋರ ಒದರತಿದ್ಲು,” ಎಂದರು. ನನ್ನನ್ನು ನೋಡಿ ಅಲ್ಲ, ಅವಳನ್ನೇ ನೋಡಿ. “ಒಮ್ಮೆ ನನಗ ಎಮ್ಮಿ ಅಂದಿದ್ಲು.”

“ಖರೇನ್ರಿ?” ಎಂದಳು ವೈನಿ.

“ಹೂಂ. ಎಮ್ಮಿಗಾದ್ರೂ ಕೊಂಬಿನಿಂದ ಎತ್ತಾಕ ಬರತೈತಿ ಅಂತ.”

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ನಕ್ಕರೋ ಇಲ್ಲವೋ, ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಅವರು ಅಲ್ಲೇ ಇನ್ನೊಂದು ಮಣೆ ಎಳೆದುಕೊಂಡು ಕೂತು ಬಿರಿದ ಹಾಳೆಯ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಸಕ್ಕರೆ ಒಂದೀಟು ಮುಂದಾಗೇತಿ ಎಂದರು. ಕಂಚಿ ಹುಳಿ ಇತ್ತಂತ ಹಾಕೀನ್ರಿ ಎಂದಳು ಅವಳು. ಅವ್ವ ಬೆಣ್ಣೆ ಎಷ್ಟು ಹಾಕುತ್ತಿದ್ದಳು ಎಂಬ ಮಾತು ಬಂತು. ಅದು ನನಗೂ ಗೊತ್ತಿರದ ಸಂಗತಿ. ಅವಳು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು.

ನನಗೆ ಸಂತೋಷವಾಗಬೇಕಾಗಿತ್ತು. ಆಗಿರಲೂಬಹುದು. ಆದರೆ ನೆನಪಿರುವುದು ಕಣ್ಣಿನ ಭಾರ ಮಾತ್ರ. ಉತ್ತರಪತ್ರಿಕೆಗಳನ್ನು ಒಂದು ಬದಿಗೆ ಸರಿಸಿ, ಚಾಪೆಯನ್ನೂ ಹಾಸದೆ, ತೋಳಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ. ಹಗಲು ಹೊತ್ತಿನಲ್ಲಿ ಆ ಮನೆಯಲ್ಲಿ ನಾನು ಮಲಗಿದ್ದು ಅವ್ವ ಹೋದ ಮೇಲೆ ಅದೇ ಮೊದಲು. ಯಾರೂ ಎಬ್ಬಿಸಲಿಲ್ಲ. ಎದ್ದಾಗ ದೀಪ ಹಚ್ಚಿದ್ದರು, ಮೈಮೇಲೆ ಯಾರೋ ಹೊದಿಕೆ ಹಾಕಿದ್ದರು. ಒಗೆಯಬೇಕಿದ್ದ ಬಟ್ಟೆಯೆಲ್ಲ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿತ್ತು.

ಹಬ್ಬ ಮುಗಿಸಿಕೊಂಡು ಶಿರಸಿಗೆ ಹೊರಟ ದಿನ ಅಪ್ಪ ಬಸ್ಸಿನವರೆಗೆ ಬಂದರು. ಬಸ್ಸು ಬಿಡುವ ತನಕ ಲಾರಿಗಳನ್ನು ನೋಡುತ್ತ ನಿಂತರು. ಕಂಡಕ್ಟರ್ ಬಾಗಿಲು ಹಾಕುವಾಗ ಕಿಟಕಿಯ ಹತ್ತಿರ ಬಂದು ಹೇಳಿದರು: “ವಾರವಾರ ಬರಬೇಕಂತೇನಿಲ್ಲ. ನಿನಗ ಅನಸಿದಾಗ ಬಾ.”

ಆ ಮಾತಿಗಾಗಿ ಎಷ್ಟು ದಿನ ಕಾದಿದ್ದೆ! ಉತ್ತರವಾಗಿ ಬಂದದ್ದು “ಹೂಂ” ಮಾತ್ರ. ಅವರಿಗೂ ಅಷ್ಟು ಸಾಕಾಗಿತ್ತು. ಬಸ್ಸು ಹೊರಳುವ ಮೊದಲೇ ಡಿಪೋದ ಕಡೆಗೆ ನಡೆದಿದ್ದರು.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಕೋಣೆಗೆ ಬಂದೆ. ಮನೆಯೊಡತಿ ಬಾಗಿಲಲ್ಲಿ ಇಣುಕಿ, “ಇವತ್ತು ಊರಿಗೆ ಹೋಗ್ಲಿಲ್ವಾ? ಮೈಯಲ್ಲಿ ಹುಷಾರಿಲ್ವಾ?” ಎಂದು ಕೇಳಿದರು. ಹುಷಾರಾಗಿದ್ದೇನೆ ಅಂದೆ. ನೀರು ಕಾಸಿಕೊಂಡು, ಸೀಗೆಪುಡಿ ಹಾಕಿ, ಅವಸರವಿಲ್ಲದೆ ತಲೆ ತೊಳೆದುಕೊಂಡೆ. ಕೂದಲು ಒಣಗುವ ತನಕ ಬಿಸಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಿದ್ದೆ. ಓದಲು ತಂದಿಟ್ಟುಕೊಂಡಿದ್ದ ಪುಸ್ತಕವನ್ನು ತೆರೆಯಲಿಲ್ಲ.