ಗುರುತಿಲ್ಲದವರಿಗೆ ಒಂದು ಗುರುತು

ಸ್ಯಾನ್ ಡಿಯೇಗೊದಲ್ಲಿ ಮಂಜುಗಡ್ಡೆ ಎನ್ನುವುದು ಫ್ರಿಜ್ಜಿನ ಬಾಗಿಲಿನಿಂದ ಗಡಗಡ ಸದ್ದು ಮಾಡುತ್ತಾ ಲೋಟಕ್ಕೆ ಬೀಳುವ ಪದಾರ್ಥ. ಋತುಗಳೆಲ್ಲ ಒಂದೇ ಮುಖದ ಅಕ್ಕತಂಗಿಯರಂತಿರುವ ಈ ಊರಿನಲ್ಲಿ ಕುಳಿತವರಿಗೆ, ಅದರ ಮೇಲೆ ನಡೆಯಬಹುದು, ಅದಕ್ಕೆ ತೂತು ಕೊರೆದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೀನು ಹಿಡಿಯಬಹುದು ಎಂದು ಯಾರಾದರೂ ಹೇಳಿದರೆ, ನಂಬಲು ಸ್ವಲ್ಪ ಸಮಯ ಬೇಕು. ನನಗಂತೂ ಐವತ್ತೆಂಟು ವರ್ಷ ಬೇಕಾಯಿತು.

ಹೇಳಿದವರು ನಮ್ಮ ಯಜಮಾನರು, ಸುಧಾಕರ. ಕುಂದಾಪುರದ ಕಡೆಯವರು, ಮೀನಿಲ್ಲದ ಊಟವನ್ನು ಉಪವಾಸದ ಒಂದು ಉಪಜಾತಿ ಎಂದು ಪರಿಗಣಿಸುವವರು. ನಾನು ಮೈಸೂರಿನ ಅಗ್ರಹಾರದವಳು. ಮೀನಿನೊಂದಿಗೆ ನನ್ನ ಪರಿಚಯ ದಶಾವತಾರದ ಮೊದಲನೆಯ ಚಿತ್ರಕ್ಕೆ ಸೀಮಿತ. ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಬ್ರೆಡ್ ಮಾಡಲು ಕಲಿಯುತ್ತಿದ್ದಾಗ ಇವರು ರಾಂಚೊ ಬರ್ನಾರ್ಡೊದ ಹತ್ತಿರದ ಕೆರೆಯಲ್ಲಿ ಗಾಳ ಹಾಕಲು ಶುರುಮಾಡಿದರು. ನಿವೃತ್ತರಾದ ಮೇಲೆ ಆ ಗಾಳ ಉತ್ತರದ ಸಿಯೆರಾ ಪರ್ವತಗಳವರೆಗೆ ಉದ್ದವಾಯಿತು. ಅಲ್ಲಿನ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವಂತೆ.

"ಮಂಜಿನ ಅಡಿ ಮೀನು ಎಲ್ಲುಂಟು ಅಂತ ನೋಡೂಕೆ ಒಂದು ಮೆಷಿನ್ ಬೇಕು ಮಾರಾಯ್ತಿ. ನೀನೇ ಆರಿಸಿ ಕೊಡು," ಎಂದರು.

ಮೀನು ತಿನ್ನದವಳ ಕೈಗೆ ಈ ಕೆಲಸ ಬಂದದ್ದಕ್ಕೆ ಕಾರಣವಿದೆ. ಟೆಲಿಕಾಂ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ್ದು ಗದ್ದಲದೊಳಗಿನಿಂದ ಸಂಕೇತವನ್ನು ಬೇರ್ಪಡಿಸುವ ಕೆಲಸ. ಮೀನು ಹುಡುಕುವ ಯಂತ್ರವೂ ಮೂಲತಃ ಅದನ್ನೇ ಮಾಡುತ್ತದೆ: ತೂತಿನಿಂದ ನೀರಿಗೆ ಇಳಿಬಿಟ್ಟ ಸೆನ್ಸರ್ ಒಂದು ಸದ್ದನ್ನು ಕೆಳಗೆ ಕಳಿಸುತ್ತದೆ, ತಳಕ್ಕೋ ಮೀನಿಗೋ ತಗುಲಿ ಬಂದ ಮಾರ್ದನಿಯನ್ನು ಕೇಳಿಸಿಕೊಳ್ಳುತ್ತದೆ, ತಡವಾದಷ್ಟೂ ಆಳ ಎಂದು ಲೆಕ್ಕ ಹಾಕುತ್ತದೆ. ಅಂಗಡಿಯಲ್ಲಿ ಮೂರು ಬಗೆ ಕಂಡವು. ದುಂಡು ಮುಖದ, ಬಣ್ಣದ ದೀಪಗಳು ಸುತ್ತುವ ಒಂದು; ತೆರೆಯ ಮೇಲೆ ನೀರಿನ ಚಿತ್ರವನ್ನು ಬಲದಿಂದ ಎಡಕ್ಕೆ ಸುರುಳಿ ಬಿಚ್ಚುತ್ತಾ, ಜೊತೆಗೆ ಸರೋವರದ ನಕ್ಷೆಯನ್ನೂ ತೋರಿಸುವ ಇನ್ನೊಂದು; ಮೀನಿನ ಬಾಲ ಅಲ್ಲಾಡುವುದನ್ನು ಸಿನಿಮಾದಂತೆ ತೋರಿಸುವ ಮತ್ತೊಂದು. ಮೂರನೆಯದು ಕಲಿಯುವವರಿಗಲ್ಲ ಎಂದು ಅಂಗಡಿಯವನೇ ಹೇಳಿಬಿಟ್ಟ. ಇವರ ಕಣ್ಣು ದುಂಡನೆಯದರ ಮೇಲಿತ್ತು, ಚಳಿಗೆ ಅದು ಗಟ್ಟಿ ಎಂದು. ನನಗೆ ಅದು ಸರಿಬೀಳಲಿಲ್ಲ. ಅದು ಈ ಕ್ಷಣವನ್ನಷ್ಟೇ ತೋರಿಸುತ್ತದೆ, ಹಿಂದಿನ ಕ್ಷಣದ ನೆನಪು ಅದಕ್ಕಿಲ್ಲ. ನೆನಪಿಲ್ಲದ ಸಾಕ್ಷಿಯನ್ನು ನಾನು ನಂಬುವವಳಲ್ಲ.

ಈ ಚರ್ಚೆ ಎರಡು ವಾರ ನಡೆಯುತ್ತಿರುವಾಗ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. "ಮೀನ ಹುಡುಕೋ ಮಷಿನ್ ಐತಿ, ಬೇಕಾದವರು ಒಯ್ಯಬಹುದು." ಬರೆದವರು ಲಾಸ್ ಏಂಜಲೀಸಿನ ಉತ್ತರಕ್ಕೆ, ಪೋರ್ಟರ್ ರ್ಯಾಂಚಿನಲ್ಲಿರುವ ಗಿರಿಜಾ ಆಂಟಿ. ಧಾರವಾಡದವರು. ಅವರ ಪತಿ ಶಿವಾನಂದ ಅಂಕಲ್ ತೀರಿಕೊಂಡು ಒಂದು ವರ್ಷವಾಗಿತ್ತು. ಅಂಕಲ್ ಶುದ್ಧ ಸಸ್ಯಾಹಾರಿ. ಹಿಡಿದ ಮೀನನ್ನೆಲ್ಲ ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದರಂತೆ. ಆಂಟಿ ಗ್ಯಾರೇಜಿನಿಂದ ತಂದು ಕೊಟ್ಟ ಡಬ್ಬದಲ್ಲಿ ನಾನು ಬಯಸಿದ ಎರಡನೆಯ ಬಗೆಯ ಯಂತ್ರವೇ ಇತ್ತು, ಮಂಜಿನ ಮೇಲೆ ಒಯ್ಯುವ ಚೀಲದ ಸಮೇತ.

ಮನೆಗೆ ತಂದು ಊಟದ ಮೇಜಿನ ಮೇಲೆ ಚಾಲೂ ಮಾಡಿದೆವು. ತೆರೆ ಬೆಳಗಿದಾಗ ತೋರಿದ್ದು ನಮ್ಮ ಊರಲ್ಲ. ಎಲ್ಲೋ ದೂರದ ಒಂದು ಸರೋವರ, ಅದರ ಅಂಚಿನುದ್ದಕ್ಕೂ ಸಣ್ಣ ಸಣ್ಣ ನೀಲಿ ಮೀನಿನ ಗುರುತುಗಳು. ಅಂಕಲ್ ನಿಂತಿದ್ದ ಜಾಗಗಳು. ತೀರಿಕೊಂಡವರೊಬ್ಬರ ಚಳಿಗಾಲಗಳೆಲ್ಲ ನಮ್ಮ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಮಿನುಗುತ್ತಿರುವುದನ್ನು ಕಂಡು ನನಗೇಕೋ ಮೈ ಜುಂ ಎಂದಿತು. ಇವರು ಮಾತ್ರ, "ಜಾಗ ಸಮೇತ ಸಿಕ್ಕಿತಲ್ಲ," ಎಂದು ಹಿಗ್ಗಿದರು.

ಚಳಿಗಾಲದಲ್ಲಿ ಸಿಯೆರಾದ ಆ ಸರೋವರಕ್ಕೇ ಹೋದೆವು. ದಾರಿಯಲ್ಲಿ ರಸ್ತೆಯಾಚೆಯ ಬಯಲಿನಲ್ಲಿ ಅಲ್ಲಲ್ಲಿ ನೆಲದಿಂದ ಬಿಳಿಯ ಹಬೆ ಏಳುತ್ತಿತ್ತು. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಕೆಳಗೆ ಹಳೆಯ ಜ್ವಾಲಾಮುಖಿ ಮಲಗಿದೆ ಎಂದು ಇವರು ಪ್ರವಾಸಿ ಮಾರ್ಗದರ್ಶಿಯ ಗತ್ತಿನಲ್ಲಿ ವಿವರಿಸಿದರು. ಮರುದಿನ ಬೆಳಿಗ್ಗೆ ದಡದ ಅಂಗಡಿಯಾತ ಹೇಳಿದ್ದು ಒಂದೇ ಮಾತು: ಅಂಚಿನಲ್ಲಿ ಮಂಜು ಹತ್ತು ಅಂಗುಲ ಇದೆ, ಒಳಗೆ ಹೋಗುವುದಾದರೆ ಕೊರೆದು ಅಳೆದುಕೊಂಡು ಹೋಗಿ.

ಸರೋವರದ ಮೇಲೆ ನಾವಿಬ್ಬರೇ. ಗಾಳಿ ಇರಲಿಲ್ಲ, ಹಕ್ಕಿ ಇರಲಿಲ್ಲ. ನಿಶ್ಶಬ್ದ ಎಂಬ ಪದವನ್ನು ಅದುವರೆಗೆ ನಾನು ಅರ್ಥ ತಿಳಿಯದೆ ಬಳಸಿದ್ದೆ. ಆಗಾಗ ಕಾಲ ಕೆಳಗೆ ಎಲ್ಲೋ ದೂರದಲ್ಲಿ ದಪ್ಪ ತಂತಿಯನ್ನು ಯಾರೋ ಮೀಟಿ ಬಿಟ್ಟಂತೆ ಒಂದು ನಾದ ಹುಟ್ಟಿ, ನಮ್ಮ ಅಡಿಯಲ್ಲೇ ಹಾದು, ಆಚೆ ದಡದಲ್ಲಿ ಸಾಯುತ್ತಿತ್ತು. ಮಂಜು ಹಿಗ್ಗುವಾಗ ಹಾಗಾಗುತ್ತದೆ ಎಂದು ಓದಿದ್ದೆ. ಓದಿದ್ದರಿಂದ ಧೈರ್ಯವೇನೂ ಬರಲಿಲ್ಲ.

ಅಂಕಲ್ಲರ ನೀಲಿ ಮೀನಿನ ಗುರುತುಗಳಿದ್ದಲ್ಲಿ ಇವರು ಒಂದಾದ ಮೇಲೊಂದು ನಾಲ್ಕು ತೂತು ಕೊರೆದರು. ಯಾವುದರಲ್ಲೂ ಏನೂ ಇಲ್ಲ. ಐದನೆಯದನ್ನು ಇನ್ನಷ್ಟು ಒಳಗೆ ಕೊರೆದು ಸೆನ್ಸರ್ ಇಳಿಬಿಟ್ಟಾಗ ನಾನು ನಕ್ಷೆಯನ್ನು ದೊಡ್ಡದು ಮಾಡಿದೆ. ಅಲ್ಲಿಂದ ನೂರೈವತ್ತು ಹೆಜ್ಜೆ ಆಚೆ, ಸರೋವರದ ನಡುಮಧ್ಯಕ್ಕೆ, ಬೇರೊಂದು ಗುರುತಿತ್ತು. ಮೀನಲ್ಲ. ತಲೆಬುರುಡೆ. ಇಡೀ ಸರೋವರಕ್ಕೆ ಅದೊಂದೇ.

"ಇದೇನ್ರೀ ಇದು?"

ಇವರು ಬಗ್ಗಿ ನೋಡಿ ನಕ್ಕರು. "ಅಂಕಲ್ ಭಾರಿ ಚಾಲಾಕಿ. ಒಳ್ಳೆ ಜಾಗ ಯಾರಿಗೂ ಗೊತ್ತಾಗ್ಬಾರ್ದು ಅಂತ ಹೆದರಿಸೂಕೆ ಹಾಕಿದ್ದು. ನಮ್ಮೂರ ದೋಣಿಯವ್ರೂ ಹಾಂಗೇ, ಮೀನು ಸಿಕ್ಕಿದ ಜಾಗ ಹೆಂಡತಿಗೂ ಹೇಳೂದಿಲ್ಲ. ನೀನು ಇಲ್ಲೇ ಕೂತು ಇದನ್ನ ನೋಡ್ತಾ ಇರು, ನಾನು ಅಲ್ಲೊಂದು ತೂತು ಕೊರೀತೆ."

ಉಣ್ಣೆಯ ಟೊಪ್ಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಬೈರಿಗೆಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು.

ನಾನು ತೆರೆ ನೋಡುತ್ತಾ ಕುಳಿತೆ. ತಳ ಇಪ್ಪತ್ತೆಂಟು ಅಡಿಯಲ್ಲಿ ದಪ್ಪ ಗೆರೆಯಾಗಿ ಮೂಡಿತ್ತು. ಸ್ವಲ್ಪ ಹೊತ್ತಿಗೆ ಆ ತಳದಿಂದ ಒಂದು ತೆಳು ಗೆರೆ ಬೇರ್ಪಟ್ಟು ಓರೆಯಾಗಿ ಮೇಲೇರಿತು. ಮೀನು ಬಂತು ಎಂದುಕೊಂಡೆ. ಸಸ್ಯಾಹಾರಿಣಿಯ ಎದೆಯೂ ಒಂದು ಸಲ ಹಾರಿತೆಂದು ಒಪ್ಪಿಕೊಳ್ಳುತ್ತೇನೆ. ಅದು ಮಂಜಿನವರೆಗೂ ಬಂದು ಕಾಣೆಯಾಯಿತು. ಹಿಂದೆಯೇ ಇನ್ನೊಂದು, ಅದೇ ಓರೆ, ಅದೇ ವೇಗ. ಮತ್ತೊಂದು. ಮೀನು ಬರುತ್ತದೆ, ತಡೆಯುತ್ತದೆ, ಯೋಚಿಸುತ್ತದೆ, ಇಳಿಯುತ್ತದೆ. ಅದರ ಗೆರೆಯಲ್ಲಿ ಜೀವದ ಅನಿಶ್ಚಯವಿರುತ್ತದೆ. ಇವು ಹಾಗಿರಲಿಲ್ಲ. ತಳದಿಂದ ಏಳುತ್ತಿದ್ದವು, ನನ್ನ ಪಾದದ ಕೆಳಗೆ ಬಂದು ಸೇರುತ್ತಿದ್ದವು. ಒಂದೂ ಇಳಿಯಲಿಲ್ಲ.

ನಿನ್ನೆ ಕಂಡ ಹಬೆ ಆಗ ನೆನಪಾಯಿತು. ಇವು ಮೀನಲ್ಲ, ಗುಳ್ಳೆಗಳು. ನೆಲದೊಳಗಿನ ಶಾಖ ಇಲ್ಲೂ ಬಾಯಿ ತೆರೆದಿದೆ; ಗುಳ್ಳೆಗಳ ಜೊತೆ ಬೆಚ್ಚನೆಯ ನೀರೂ ಮೇಲೇರಿ ಮಂಜನ್ನು ಅಡಿಯಿಂದ ಸವೆಸುತ್ತಿದೆ. ಇಲ್ಲೇ ಇಷ್ಟಿದ್ದರೆ ಆ ಬುರುಡೆಯ ಹತ್ತಿರ ಎಷ್ಟಿರಬೇಕು.

"ರೀ, ನಿಲ್ಲಿ," ಎಂದು ಕೂಗಿದೆ. ಕೇಳಿಸಲಿಲ್ಲ. "ರೀ" ಎಂದು ಮತ್ತೆ ಮತ್ತೆ ಕೂಗಿದೆ. ಬಿಳಿಯ ಬಯಲಿನಲ್ಲಿ ಆ ಕಪ್ಪು ಆಕೃತಿ ಚಿಕ್ಕದಾಗುತ್ತಲೇ ಹೋಯಿತು. ಮೂವತ್ತೆರಡು ವರ್ಷದ ದಾಂಪತ್ಯದಲ್ಲಿ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಅದು ನನ್ನ ಕಾಲದ, ನನ್ನ ಮನೆಯ ಅಭ್ಯಾಸ. ಆ ಘಳಿಗೆಯಲ್ಲಿ ಗಂಟಲಿನಿಂದ ತಾನಾಗಿ ಹೊರಟದ್ದು, "ಸುಧಾಕರಾ, ನಿಲ್ಲು."

ಅವರು ನಿಂತರು. ಕೇಳಿಸಿತೆಂದು ನಿಂತರೋ, ಬೆಚ್ಚಿಬಿದ್ದು ನಿಂತರೋ ಇಂದಿಗೂ ಹೇಳಿಲ್ಲ.

"ಮುಂದೆ ಹೋಗ್ಬೇಡಿ, ಅಲ್ಲೇ ಕೊರೆದು ನೋಡಿ," ಎಂದು ಕೈಸನ್ನೆ ಮಾಡಿದೆ. ಬೈರಿಗೆಯ ಮೊನೆಯಿಟ್ಟು ಎರಡು ಸುತ್ತು ತಿರುಗಿಸಿದರು. ಮೂರನೆಯದು ಬೇಕಾಗಲಿಲ್ಲ. ಕಪ್ಪು ನೀರು ಉಕ್ಕಿ ಅವರ ಬೂಟುಗಳ ಸುತ್ತ ಹರಡಿತು. ಆ ತಂತಿಯ ನಾದ ಮತ್ತೊಮ್ಮೆ ಕೇಳಿಸಿತು, ಈ ಸಲ ಹತ್ತಿರದಲ್ಲಿ.

"ಮಲಕ್ಕೊಳ್ಳಿ. ತೆವಳ್ಕೊಂಡು ಬನ್ನಿ."

ಅರವತ್ತೆರಡು ವರ್ಷದ ನನ್ನ ಗಂಡ ಬೈರಿಗೆಯನ್ನು ಅಲ್ಲೇ ಬಿಟ್ಟು, ಬೋರಲು ಮಲಗಿ, ಬಂದ ಹೆಜ್ಜೆಗಳ ಮೇಲೆಯೇ ತೆವಳಿಕೊಂಡು ಬಂದರು. ಅಷ್ಟು ಹೊತ್ತೂ ಪಕ್ಕದ ತೆರೆಯಲ್ಲಿ ಆ ಗೆರೆಗಳು ಏಳುತ್ತಲೇ ಇದ್ದವು. ಅವರು ಕೈಗೆ ಸಿಕ್ಕಾಗ ತೋಳು ಹಿಡಿದು ಎಳೆದುಕೊಂಡೆ. ದಡ ಸೇರಿ ಕಾರಿನ ಹೀಟರ್ ಹಾಕಿಕೊಂಡು ಕುಳಿತ ಮೇಲೆ ನಾನು ಆ ಬುರುಡೆಯನ್ನು ಒತ್ತಿ ವಿವರ ತೆಗೆದೆ. ಒಂಬತ್ತು ವರ್ಷದ ಹಿಂದಿನ ಫೆಬ್ರವರಿ ತಿಂಗಳ ಒಂದು ಶನಿವಾರ, ಬೆಳಿಗ್ಗೆ. ಆಳ, ನಲವತ್ತನಾಲ್ಕು ಅಡಿ. ಅಷ್ಟೇ.

ವಾಪಸ್ಸು ಬರುವ ದಾರಿಯಲ್ಲೇ ಪೋರ್ಟರ್ ರ್ಯಾಂಚ್. "ಪಾಪ, ಈಗ ಹೇಳಿ ಎಂತಕ್ಕೆ," ಎಂದರು ಇವರು. ನನಗೆ ಹೇಳದೆ ಹೋಗುವುದು ಸರಿಯೆನಿಸಲಿಲ್ಲ. ಮಧ್ಯಾಹ್ನ ಆಂಟಿಯ ಮನೆ ಮುಟ್ಟಿದೆವು.

"ಬರ್ರಿ, ಕುಂದರ್ರಿ. ಮೀನ ಸಿಕ್ಕೂ ಏನು?" ಎಂದರು ಆಂಟಿ.

ನಡೆದದ್ದನ್ನೆಲ್ಲ ಹೇಳಿದೆ. ಅಂಕಲ್ ಎಂದಾದರೂ ಮಂಜಿನ ಮೇಲೆ ಅಪಾಯಕ್ಕೆ ಸಿಕ್ಕಿದ್ದರೇ ಎಂದು ಕೇಳಿದೆ.

"ಇಲ್ರೀ. ದಂಡಿ ಮ್ಯಾಲ ಕುಂತ ಗಾಳ ಹಾಕತೇನಿ ಅಂತಿದ್ರು. ಮಂಜಿನ ಮ್ಯಾಲ ಹೋಗ್ತಿದ್ರು ಅನ್ನೋದ ನನಗ ಗೊತ್ತಿಲ್ಲ," ಎಂದವರು, "ಯಾವ ದಿನ ಅಂದ್ರಿ?" ಎಂದು ಕೇಳಿದರು.

ತೆರೆಯ ಮೇಲಿನ ತಾರೀಖನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಸ್ವೆಟರ್ ತಂದು ಮೇಜಿನ ಮೇಲಿಟ್ಟರು. ಕೆಂಪು ಉಣ್ಣೆಯದು, ಯಾವುದೋ ದೈತ್ಯನ ಅಳತೆಯದು.

"ಆ ಶನಿವಾರ ಸಂಜಿಮುಂದ ಇದನ್ನ ಹಾಕ್ಕೊಂಡ ಬಂದ್ರು. ಯಾರದು ಅಂತ ಕೇಳಿದೆ. ನನ್ನ ಅಂಗಿ ತೊಯ್ದಿತ್ತು, ಯಾರೋ ಕೊಟ್ರು ಅಂದ್ರು. ಯಾರು ಅಂದ್ರ ಗೊತ್ತಿಲ್ಲ ಅಂದ್ರು. ಗೊತ್ತಿಲ್ಲದವರು ಅಂಗಿ ಬಿಚ್ಚಿ ಕೊಡ್ತಾರೇನ್ರೀ? ಹೆಂಗಸಿನ ವಾಸನಿ ಐತೇನು ಅಂತ ಮೂಸಿ ಸುದ್ದಾ ನೋಡಿದೆ. ಒಂದ ದಿನ ಮುಂದಿಟ್ಟು ಖರೆ ಕೇಳಬೇಕು ಅಂತ ಇಟ್ಟಕೊಂಡಿದ್ದೆ. ಕೇಳೋದ ಆಗಲಿಲ್ಲ. ಮನಸಿನ್ಯಾಗ ಒಂದ ಮುಳ್ಳ ಇಟಗೊಂಡ ಸಂಸಾರ ಮಾಡಿದೆ."

ನಾನು ಆ ಬೆಳಗನ್ನು ಕಲ್ಪಿಸಿಕೊಂಡೆ. ಮಂಜು ಒಡೆದು ನೀರಿಗೆ ಬಿದ್ದವರನ್ನು ಹೆಸರೂ ತಿಳಿಯದ ಯಾರೋ ಮೇಲೆಳೆದು ಹಾಕಿದ ಬಳಿಕ, ತೊಯ್ದು ಮರಗಟ್ಟಿದ ಬೆರಳಿನಿಂದ, ಮಂಜಿನ ಮೇಲೆಯೇ ಉಳಿದಿದ್ದ ಯಂತ್ರದಲ್ಲಿ ಆ ಮನುಷ್ಯ ಒಂದು ಬುರುಡೆಯನ್ನು ಒತ್ತಿದ್ದಾರೆ. ಹೆದರಿಯಾಳೆಂದೋ, ತಡೆದಾಳೆಂದೋ ಹೆಂಡತಿಗೆ ಹೇಳಲಾಗದ್ದನ್ನು ಮುಂದೆಂದೋ ಬರುವ ಗುರುತಿಲ್ಲದವರಿಗಾಗಿ ಗುರುತು ಮಾಡಿಟ್ಟಿದ್ದಾರೆ. ಮೀನು ತಿನ್ನದವರು ಮೀನನ್ನು ಯಾಕೆ ಹುಡುಕುತ್ತಿದ್ದರೋ, ಆ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ. ಆದರೆ ಅವರ ಮೌನ ಒಬ್ಬಳನ್ನು ಒಂಬತ್ತು ವರ್ಷ ಚುಚ್ಚಿತು, ಅವರ ಗುರುತು ಇನ್ನೊಬ್ಬಳಿಗೆ ಗಂಡನನ್ನು ಉಳಿಸಿಕೊಟ್ಟಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗಬೇಕೆಂದು ನನಗೆ ಇನ್ನೂ ತಿಳಿದಿಲ್ಲ.

"ಎಷ್ಟ ಆಳ ಐತ್ರಿ ಅಲ್ಲೆ?" ಎಂದರು ಆಂಟಿ.

"ನಲವತ್ನಾಲ್ಕು ಅಡಿ," ಎಂದರು ಇವರು, ತಲೆ ತಗ್ಗಿಸಿ.

ಆಂಟಿ ಸ್ವೆಟರಿನ ತೋಳನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು.

"ಅವರಿಗೆ ಈಸಾಕ ಬರ್ತಿದ್ದಿಲ್ರೀ," ಎಂದರು.

ಆಮೇಲೆ ಎದ್ದು, ಸೀರೆಯ ಮೇಲೆಯೇ ಆ ಕೆಂಪು ಸ್ವೆಟರನ್ನು ತೊಟ್ಟು, ಉದ್ದವಾದ ತೋಳುಗಳನ್ನು ಎರಡೆರಡು ಮಡಿಕೆ ಮಡಚಿಕೊಂಡು, ನಮಗೆ ಚಹಾ ಮಾಡಲು ಒಳಗೆ ಹೋದರು.