ನನ್ನ ಪ್ಯಾಂಟು ಬಿಗಿಯಾದ ದಿನ

ನನ್ನ ಪ್ಯಾಂಟುಗಳನ್ನೆಲ್ಲ ಹೊಲಿಯುವುದು ನನ್ನ ಹೆಂಡತಿ. ಕೆ.ಆರ್. ನಗರದಲ್ಲಿ ಅವಳಪ್ಪ ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ. ಆ ವಿದ್ಯೆಯನ್ನು ಮಗಳಿಗೂ ಕಲಿಸಿದ್ದರು. ರಾವಂದೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಅವಳು ಊರ ಹೆಂಗಸರ ಬ್ಲೌಸ್ ಹೊಲಿಯುತ್ತಾಳೆ. ಗಂಡಸರ ಪೈಕಿ ಅವಳ ಗಿರಾಕಿ ನಾನೊಬ್ಬನೇ. ಬೆಲ್ಟ್ ಹಾಕಲೂ ನನಗೆ ಅಪ್ಪಣೆಯಿಲ್ಲ. ಬೆಲ್ಟ್ ಬೇಕಾದರೆ ಅದು ಪ್ಯಾಂಟೇ ಅಲ್ಲ ಅಂತ ಮಾವನವರು ಹೇಳಿಬಿಟ್ಟಿದ್ದಾರಲ್ಲ, ಮುಗಿಯಿತು.

ಹೋದ ವರ್ಷ ನನಗೆ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಅರಿಶಿನ ಬಳಿದ ಹಾಗೆ. ಹುಣಸೂರಿನ ಡಾಕ್ಟರು ಎಣ್ಣೆ, ಖಾರ ಬಿಡಿಸಿ, ಮಾತ್ರೆ ಬರೆದು, ನಾನು ಏಳುವಾಗ ಇನ್ನೊಂದು ಮಾತು ಹೇಳಿದರು: "ಹೊಟ್ಟೆ ಊದಿಕೊಂಡ ಹಾಗೆ ಅನ್ನಿಸಿದರೆ ತಡ ಮಾಡ್ಬೇಡಿ, ತಕ್ಷಣ ಬನ್ನಿ." ನಮ್ಮ ಚಿಕ್ಕಪ್ಪ ಹೋಗಿದ್ದೇ ಹಾಗೆ. ಲಿವರ್ ಕೆಟ್ಟು, ಹೊಟ್ಟೆಗೆ ನೀರು ತುಂಬಿಕೊಂಡು. ಡಾಕ್ಟರ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮಜ್ಜಿಗೆ ಅನ್ನ ತಿಂದೂ ತಿಂದೂ ಇಳಿದುಹೋದೆ. ಒಂದು ಬೆಳಿಗ್ಗೆ ಗುಂಡಿ ಹಾಕಿ ಕೈ ಬಿಟ್ಟರೆ ಪ್ಯಾಂಟು ಸರ್ರನೆ ಜಾರಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮಾರನೆಯ ದಿನ ಹಾಕಿದ ಪ್ಯಾಂಟು ಸೊಂಟದಲ್ಲಿ ಸರಿಯಾಗಿ ಕೂತಿತು. ಅದರ ಮಾರನೆಯ ದಿನದ್ದೂ ಅಷ್ಟೇ. ಓಹೋ, ಮೊನ್ನೆಯದು ಒಗೆದು ಒಗೆದು ಸಡಿಲವಾಗಿರಬೇಕು ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಆಮೇಲೆ ನನ್ನ ಧೈರ್ಯವೆಲ್ಲ ಆ ಪ್ಯಾಂಟುಗಳದ್ದೇ. ನಾನು ಕೆಲಸ ಮಾಡುವ ಗೊಬ್ಬರದ ಅಂಗಡಿಯ ಯಜಮಾನರು, "ಮೂಟೆ ತೂಗೋ ತಕ್ಕಡಿ ಮೇಲೆ ಒಸಿ ನಿಂತ್ಕೊಳಯ್ಯ, ಎಷ್ಟು ಇಳ್ದಿದ್ದೀಯ ನೋಡಾನ" ಅಂದರು.

"ನಾನೇನು ಯೂರಿಯಾ ಮೂಟೆನಾ ಸಾಮಿ? ನೋಡಿ, ಪ್ಯಾಂಟು ಅಂಗೇ ಐತೆ. ಇಳಿದಿದ್ರೆ ಜಾರ್ತಿರಲಿಲ್ವಾ?" ಅಂತ ಸೊಂಟ ತೋರಿಸಿದೆ. ಕೆನ್ನೆ ಗುಳಿ ಬಿದ್ದಿದೆ ಅಂದವರಿಗೂ ಅದೇ ಉತ್ತರ. ಮುಖ ಒಂದಿಷ್ಟು ಇಳಿದಿದೆ, ಮೈ ಗಟ್ಟಿಯಾಗೇ ಇದೆ ಅಂತ ನಾನೇ ನಂಬಿದ್ದೆ.

ಕಣ್ಣಿನ ಹಳದಿ ಹೋಯಿತು. ಇನ್ನು ಎಲ್ಲ ತಿನ್ನಬಹುದು ಅಂದರು ಡಾಕ್ಟರು. ಮುದ್ದೆ, ಅವರೆಕಾಳಿನ ಸಾರು, ಮೇಲೆ ಒಂದು ತುತ್ತು ಅನ್ನ. ಬಾಯಿಗೆ ರುಚಿ ಮರಳಿ ಬಂದ ಸುಖವನ್ನು ಏನು ಹೇಳಲಿ! ಹೀಗೆ ಉಣ್ಣುತ್ತಿರುವಾಗ ಒಂದು ಬೆಳಿಗ್ಗೆ ಪ್ಯಾಂಟಿನ ಗುಂಡಿ ಹಾಕಲು ಹೋದೆ, ಕೂಡಲಿಲ್ಲ. ಉಸಿರು ಬಿಗಿಹಿಡಿದು ಎಳೆದೆ, ಆಗಲೂ ಕೂಡಲಿಲ್ಲ. ಇನ್ನೊಂದು ಪ್ಯಾಂಟು ತೆಗೆದೆ, ಅದೂ ಹಾಗೇ.

ಕಾಯಿಲೆಯ ಉದ್ದಕ್ಕೂ ಸರಿಯಾಗಿದ್ದ ಪ್ಯಾಂಟು ಈಗ ಬಿಗಿಯಾಗಿದೆ ಅಂದರೆ ಮತ್ತೇನು? ನೀರು. ಚಿಕ್ಕಪ್ಪನ ಹೊಟ್ಟೆ ಕಣ್ಣ ಮುಂದೆ ಬಂತು. ಗುಂಡಿ ಬಿಚ್ಚಿಟ್ಟು, ಶರ್ಟು ಇಳಿಬಿಟ್ಟುಕೊಂಡು ಅಂಗಡಿಗೆ ಹೋದೆ. ಡಾಕ್ಟರ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಹೋದರೆ ಅವರು ಹೌದು ಅಂದುಬಿಟ್ಟರೆ?

ಕಡಿಮೆ ತಿಂದರೆ ಊತ ಇಳಿದೀತು ಅಂತ ಮುದ್ದೆ ಅರ್ಧ ಬಿಟ್ಟು ಏಳತೊಡಗಿದೆ. ಹೆಂಡತಿ ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಳು. "ಯಾಕ್ರೀ, ಸೇರ್ತಿಲ್ವಾ?" ಅಂದರೆ "ಸಾಕು ಬುಡೇ" ಅನ್ನುತ್ತಿದ್ದೆ. ಅವಳ ಮುಖ ದಿನೇ ದಿನೇ ಕಳೆಗುಂದಿತು.

ಒಂದು ಭಾನುವಾರ ಮಧ್ಯಾಹ್ನ ತಟ್ಟೆ ಸರಿಸಿದಾಗ ಅವಳು ಬಿಡಲಿಲ್ಲ. "ಏನಾಗದೆ ಬಾಯ್ಬುಟ್ಟು ಏಳಿ. ಏಳ್ದೆ ಇದ್ರೆ ನಾನೂ ಉಣ್ಣಕಿಲ್ಲ" ಅಂತ ಎದುರಿಗೇ ಕೂತಳು.

"ಏನ್ ಏಳಾನ? ಪ್ಯಾಂಟಿನ ಗುಂಡಿ ಆಕಕಾಯ್ತಿಲ್ಲ ಕಣೇ! ಒಟ್ಟೆ ಊದ್ಕತಾ ಐತೆ. ಚಿಕ್ಕಪ್ಪಂಗೂ ಇಂಗೇ..."

ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಬಿಗಿ ಆಯ್ತಾ? ನಿಜವಾಗ್ಲೂ ಬಿಗಿ ಆಯ್ತಾ?" ಅಂದವಳೇ ನಗತೊಡಗಿದಳು.

ನನಗೆ ಮೈಯೆಲ್ಲ ಉರಿಯಿತು. "ಗಂಡ ಸಾಯ್ತಾವ್ನೆ ಅಂದ್ರೆ ನಗ್ತೀಯಲ್ಲೇ!"

"ಥೂ, ಬುಡ್ತು ಅನ್ರೀ! ಕಾಲಿಗೆ ಬೀಳ್ತೀನಿ, ಆ ಪ್ಯಾಂಟು ತನ್ನಿ ಇಲ್ಲಿ."

ತಂದುಕೊಟ್ಟೆ. ಅವಳು ಒಳಮಗ್ಗುಲು ತಿರುಗಿಸಿ ಹಿಂಬದಿಯ ನಡುವಿನ ಹೊಲಿಗೆಯನ್ನು ಅಗಲಿಸಿ ತೋರಿಸಿದಳು. ಅಲ್ಲಿ ಒಂದರ ಪಕ್ಕ ಒಂದು, ಮೂರು ಸಾಲು ಹೊಸ ಹೊಲಿಗೆ. ಹಿಡಿದ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಿಸಿಟ್ಟಿದ್ದಳು. ನಾನು ಇಳಿದ ಹಾಗೆಲ್ಲ, ನಾನು ಮಲಗಿದ್ದಾಗ, ಒಂದೊಂದೇ ಪ್ಯಾಂಟು ಹಿಡಿದು ಕೂತು ಸೊಂಟ ಚಿಕ್ಕದು ಮಾಡುತ್ತಾ ಬಂದಿದ್ದಾಳೆ. ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ಅಂಟಿಕೊಳ್ಳುವಷ್ಟು ಹತ್ತಿರ ಬಂದಿದ್ದವು. ಅದೂ ಈ ಕುರುಡನ ಕಣ್ಣಿಗೆ ಬಿದ್ದಿರಲಿಲ್ಲ.

"ಅವತ್ತು ಪ್ಯಾಂಟು ಜಾರ್ತು ಅಂತ ಎಲ್ಡೂ ಕೈಲಿ ಇಡ್ಕಂಡು ನಿಂತಿದ್ರಲ್ಲ, ನಿಮ್ಮ ಮಕ ನೋಡಕಾಗ್ನಿಲ್ಲ ಕಣ್ರೀ" ಅಂದಳು. "ನೀರೂ ಇಲ್ಲ ಗೀರೂ ಇಲ್ಲ. ಮೈ ಕೈ ತುಂಬ್ಕತಾ ಅವೆ, ಅಷ್ಟೇಯ."

ಬ್ಲೇಡು ತೆಗೆದುಕೊಂಡು ಕೊನೆಯ ಸಾಲನ್ನು ಸರಸರನೆ ಬಿಚ್ಚಿದಳು. ನಾನು ಹಾಕಿಕೊಂಡೆ. ಗುಂಡಿ ಕೂಡಿತು. ಅವಳು ಗುಂಡಿಯ ಮೇಲೆ ಕೈಯಿಟ್ಟು ನೋಡಿದವಳು, ಅಷ್ಟು ದಿನದ ಕಾಯಿಲೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು, ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟಳು. ನಾನೂ ಅತ್ತೆ. ಇಬ್ಬರಿಗೂ ಒಬ್ಬರನ್ನೊಬ್ಬರು ಸುಮ್ಮನಿರಿಸಲು ತಿಳಿಯಲಿಲ್ಲ.

"ಅಸೀತಾ ಐತೆ ಕಣೇ" ಅಂದೆ ಕಡೆಗೆ.

ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದು, ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ ಮುಂದಿಟ್ಟಳು.

"ಉಣ್ಣಿ. ಬಿಚ್ಚಕೆ ಇನ್ನೂ ಎಲ್ಡು ಸಾಲು ಅವೆ."